ಮಬ್ಬು ಬದಿ ಒಳಗೆ

ಮೊದಲ ಮೂರು ನೆಗೆಟಿವ್ ಹಾಳಾದಾಗ
ಗಾಳಿಯನ್ನು ಬೈದೆ.
ಬೈತಕೋಲದ ಗಾಳಿಗೆ ಕ್ಯಾಮೆರಾದ ತಿದಿ ಕಂಡರೆ ಸಾಕು,
ಹಾಯಿ ಅಂದುಕೊಳ್ಳುತ್ತದೆ.
ಟ್ರೈಪಾಡಿನ ನಡುವಿಗೆ ಬಲೆಯ ಸೀಸದ ಗುಂಡುಗಳ ಚೀಲ ತೂಗಿಸಿ
ಬೆಳಗಿನ ಆರಕ್ಕೆ ಹೋದೆ. ನೀರು ಎಣ್ಣೆಯಂತೆ ನಿಂತಿತ್ತು.
ನಾಲ್ಕನೆಯದೂ ಹಾಗೇ.

ಗುಲಾಬಿ ತಾಂಡೇಲ ಬುಟ್ಟಿಯ ಪಕ್ಕ ಕೂತು
ನನಗಾಗಿ ಒಂದು ಸೆಕೆಂಡು ಉಸಿರು ಹಿಡಿದಿದ್ದಳು.
ಅಷ್ಟರಲ್ಲಿ ಕಾಗೆ ಬಂದು ಬಂಗಡೆಯೊಂದನ್ನು ಎತ್ತಿಕೊಂಡು ಹೋದರೂ
ಕಣ್ಣು ಅಲುಗಲಿಲ್ಲ. ಬೈಗುಳ ಆಮೇಲೆ ಬಂತು,
ಕಾಗೆಗೂ ನನಗೂ ಸೇರಿ.

ಕಪ್ಪು ಬಟ್ಟೆಯೊಳಗೆ ಬೆವರುತ್ತ
ಭೂತಗನ್ನಡಿ ಒತ್ತಿ ಅವಳ ರೆಪ್ಪೆಗೂದಲು ಎಣಿಸಿದವ ನಾನು.
ಗಾಜಿನ ಮೇಲೆ ತಲೆಕೆಳಗಾಗಿ ಅವಳು, ಬುಟ್ಟಿ,
ಮೇಲ್ಗಡೆ ಮರಳು, ಕೆಳಗಡೆ ಆಕಾಶ,
ಎಲ್ಲ ಚಾಕುವಿನಷ್ಟು ಹರಿತ.
ಫಿಲ್ಮಿನಲ್ಲಿ ಮಾತ್ರ ಅವಳ ಮುಖ ನೆನೆಸಿಟ್ಟ ಅವಲಕ್ಕಿ.
ಎರಡು ಮೊಳ ಹಿಂದೆ, ದಡಕ್ಕೆಳೆದ ದೋಣಿಯ ಪಕ್ಕೆಯಲ್ಲಿ
‘ಸಾಂತೇರಿ ಪ್ರಸನ್ನ’.
ಬಣ್ಣದ ಬಿರುಕುಗಳನ್ನೂ ಲೆಕ್ಕ ಮಾಡಬಹುದಿತ್ತು.

ಅನುಮಾನಕ್ಕೆ ಕಾಲು ಬಂತು.
ಕಡಲೂರಿನ ತೇವಕ್ಕೆ ಹೋಲ್ಡರಿನೊಳಗೆ ಫಿಲ್ಮು
ಹಪ್ಪಳದ ಹಾಗೆ ಉಬ್ಬಿತೇ?
ಲೆನ್ಸನ್ನು ಅನುಮಾನಿಸಿದೆ, ಆಮೇಲೆ ನನ್ನ ಕಣ್ಣನ್ನು;
ಕಾಜುಬಾಗದ ಡಾಕ್ಟರು ಅರ್ಧ ನಂಬರು ಏರಿಸಿ
ಆರು ನೂರು ತೆಗೆದುಕೊಂಡರು.
ಅಪರ್ಚರನ್ನು ಅರವತ್ತನಾಲ್ಕಕ್ಕೆ ಮುಚ್ಚಿದೆ,
ಸಾಸಿವೆ ನುಸುಳುವಷ್ಟು ತೂತು.
ಅಷ್ಟು ಇಕ್ಕಟ್ಟಿನಲ್ಲಿ ಬೆಳಕಿನ ಅಂಚೇ ಸವೆಯುತ್ತದೆ;
ಎಲ್ಲವೂ ಸಮನಾಗಿ, ನ್ಯಾಯವಾಗಿ, ಮಂಕಾಯಿತು.
ದೇವಗಡ ದ್ವೀಪದ ದೀಪಸ್ತಂಭ ಹಿಡಿದು
ಅನಂತಕ್ಕೆ ಹೊಂದಿಸಿದೆ.
ಫಿಲ್ಮು ಅನಂತದ ಆಚೆ ನೋಡಿತು.
ಅಲ್ಲಿ ಏನೂ ಇಲ್ಲ. ಬೇಕಾದರೆ ನೆಗೆಟಿವ್ ಇದೆ.

ಕೊನೆಗೆ ಸ್ಟುಡಿಯೋದ ಮೆಟ್ಟಿಲಿಗೆ
ಒಂದೊಂದು ಇಸ್ಪೀಟು ಎಲೆ ಒರಗಿಸಿಟ್ಟೆ,
ಕೆಳಗೆ ಎಕ್ಕ, ಮೇಲೆ ದಹಲ.
ಐದಕ್ಕೆ ಗುರಿಯಿಟ್ಟೆ. ಏಳು ಬಂತು.
ಮತ್ತೆ ಐದು. ಮತ್ತೆ ಏಳು.
ಆ ರಾತ್ರಿ ಡಾರ್ಕ್‌ರೂಮಿನಲ್ಲಿ ನಕ್ಕುಬಿಟ್ಟೆ:
ಪ್ರತಿ ಸಲ ಒಂದೇ ತಪ್ಪು ಹೇಳುವವನು
ಸುಳ್ಳುಗಾರನಲ್ಲ,
ಅವನ ಕೋಲು ಎರಡು ಗೆರೆ ಗಿಡ್ಡ, ಅಷ್ಟೆ.

ಕ್ಯಾಮೆರಾದ ಬೆನ್ನಿಗೆ ಎಂಜಲು ಬೆರಳು ಒತ್ತಿದೆ.
ಒತ್ತಿದಲ್ಲಿ ಮಬ್ಬು ಕರಗಿ ಗಾಜು ಕಿಟಕಿಯಾಯಿತು.
ಅಂದರೆ ಉಜ್ಜಿದ ಬದಿ ನನ್ನ ಕಡೆಗಿದೆ,
ಲೆನ್ಸಿನ ಕಡೆಗಿರಬೇಕಾದದ್ದು.
ಹೋದ ಜೂನಿನಲ್ಲಿ ಗಾಜು ಒಡೆದಾಗ
ಹೊಸದನ್ನು ಕೂರಿಸಿದವನು ವಿಠೋಬ ಮೇಸ್ತ.
ಕೇಳಿದರೆ, “ಬಚ್ಚಲ ಕಿಟಕಿಗೆ ಹಾಗೇ ಅಲ್ಲವಾ ಹಾಕೋದು,
ನುಣುಪು ಬದಿ ಒದ್ದೆ ಕಡೆಗೆ?”
ಎರಡು ಮಿಲಿಮೀಟರ್ ಗಾಜು. ನಾಲ್ಕು ಸ್ಕ್ರೂ.
ಒಂಬತ್ತು ತಿಂಗಳು ನಾನು ಯಾರನ್ನು ನೋಡಿದೆನೋ
ಅವರ ಹಿಂದಿದ್ದದ್ದನ್ನು ತೆಗೆದಿದ್ದೆ.

ಗಾಜು ತಿರುಗಿಸಿ, ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದೆ:
ಮಬ್ಬು ಬದಿ ಒಳಗೆ.
ಗುಲಾಬಿಯನ್ನು ಮತ್ತೆ ಕೂರಿಸಿದೆ.
ಈ ಸಲ ಬುಟ್ಟಿಗೆ ಗೋಣಿ ಮುಚ್ಚಿದ್ದಳು.

ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದಾಗ
ಹೊಸದನ್ನು ಪಕ್ಕಕ್ಕೆ ಸರಿಸಿ ಹಾಳಾದದ್ದನ್ನು ಎತ್ತಿಕೊಂಡಳು.
“ಅದರಲ್ಲಿ ನಿನ್ನ ಮುಖವೇ ಇಲ್ಲ” ಎಂದೆ.
“ಮುಖ ಕನ್ನಡಿಯಲ್ಲಿ ಉಂಟು.
ದೋಣಿ ಮಲ್ಪೆಯವರು ತಕೊಂಡು ಹೋದರು,
ಬೇರೆ ಬಣ್ಣ ಬಳಿದರಂತೆ, ಬೇರೆ ಹೆಸರು.”
ಬೆರಳಿನಿಂದ ಅಕ್ಷರಗಳ ಮೇಲೆ ನಡೆದು,
‘ನ್ನ’ದ ಒತ್ತಿನ ಹತ್ತಿರ ನಿಂತು,
“ಇದನ್ನು ನನ್ನ ಗಂಡ ಬರೆದದ್ದು, ಸೊಟ್ಟ” ಅಂದಳು.

ಅದು ತಪ್ಪಿ ಬಂದದ್ದು ಅಂತ ನಾನು ಹೇಳಲಿಲ್ಲ.
ಪೇಪರಿನಲ್ಲಿ ಸುತ್ತಿ ನಾಲ್ಕು ಬಂಗಡೆ ಇಟ್ಟು ಹೋದಳು.

ಸರಿಯಾದದ್ದು ನನ್ನ ಡ್ರಾಯರಿನಲ್ಲಿದೆ.
ರೆಪ್ಪೆಗೂದಲು ಎಣಿಸಬಹುದು.
ಹಿಂದೆ ಯಾರದೋ ದೋಣಿ, ಬಿಳಿ, ಮೆತ್ತಗೆ.
ಹೆಸರು ಓದಲಾಗುವುದಿಲ್ಲ.